ನಮ್ಮೂರಿಗೆ ಫ್ಯಾನ್ ಬರ್ತಾ ಇದಾವೆ: ಬೆಂಗಳೂರಲ್ಲಿರೋ ಗದಗ, ಕೊಪ್ಪಳ, ದುರ್ಗದ ಕಡೆಯವರು ದಯವಿಟ್ಟು ಓದಿ

ಎರೆಹೊಲದವನು

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ರಾಜಾಜಿನಗರದಲ್ಲಿ ನೆಲೆಸಿದವನು ನಾನು, ಊರು ಗದಗ ಜಿಲ್ಲೆ. ಊರಿನ ಹೆಸರು ಬರೆಯಲ್ಲ, ಕಂಪನಿ ಹೆಸರೂ ಬರೆಯಲ್ಲ. ಮಾತುಕತೆ ಇನ್ನೂ ನಡೀತಾ ಇದೆ.

ನಮ್ಮೂರು ಮತ್ತು ಸುತ್ತಲಿನ ಊರುಗಳ ಎರೆ ಹೊಲಗಳಲ್ಲಿ ಗಾಳಿ ವಿದ್ಯುತ್ ಯೋಜನೆ ಬರ್ತಾ ಇದೆ. ಊರಲ್ಲಿ ಎಲ್ಲರೂ ಫ್ಯಾನ್ ಅಂತಾರೆ, ನಾನೂ ಹಾಗೇ ಬರೀತೀನಿ. ಪಂಚಾಯಿತಿಯಿಂದ ಒಂದು ನೋಟಿಸ್ ಇಲ್ಲ, ಡಂಗುರ ಇಲ್ಲ. ಏಜೆಂಟ್ ಒಬ್ಬ ಚಹಾದಂಗಡಿಯಲ್ಲಿ ಕೂತು ಯಾರ ಉತಾರದಲ್ಲಿ ಎಷ್ಟು ಎಕರೆ ಇದೆ ಅಂತ ವಿಚಾರಿಸೋಕೆ ಶುರು ಮಾಡಿದಾಗಲೇ ನಮಗೆ ಸುದ್ದಿ ಗೊತ್ತಾಗಿದ್ದು. ಒಬ್ಬರಿಗೆ ಹೇಳಿದ ರೇಟು ಇನ್ನೊಬ್ಬರಿಗಿಲ್ಲ. ಒಂದೇ ಬದುವಿನ ಆಚೆ ಈಚೆ ಇರೋ ಅಣ್ಣತಮ್ಮಂದಿರಿಗೂ ಬೇರೆ ಬೇರೆ ಮೊತ್ತ ಹೇಳಿ, ಈಗ ಅವರಿಬ್ಬರೂ ಮಾತು ಬಿಟ್ಟಿದ್ದಾರೆ.

ಪಕ್ಕದ ತಾಲ್ಲೂಕಿನಲ್ಲಿ ಫ್ಯಾನ್ ನಿಂತಿರುವ ಊರಿಗೆ ಹೋಗಿ ಕಣ್ಣಾರೆ ನೋಡಿ ಬಂದೆ. ಫ್ಯಾನ್ ಹಿಡಿದ ಜಾಗಕ್ಕಿಂತ ಅದಕ್ಕೆ ಹೋಗುವ ದಾರಿಯಿಂದಲೇ ತೊಂದರೆ ಹೆಚ್ಚು. ಹಳೇ ಚಕ್ಕಡಿ ದಾರಿಯನ್ನ ಅಗಲ ಮಾಡಿ, ಗರಸು ಸುರಿದು, ರೋಲರ್ ಹೊಡೆದು ಹೊಲಕ್ಕಿಂತ ಎತ್ತರ ಮಾಡಿದ್ದಾರೆ. ಎರೆ ಮಣ್ಣು ನೀರನ್ನ ಬೇಗ ಇಂಗಿಸೋದಿಲ್ಲ ಅನ್ನೋದು ಗೊತ್ತಿರೋ ವಿಷಯ. ದೊಡ್ಡ ಮಳೆ ಬಿದ್ದರೆ ಹೆಚ್ಚಿನ ನೀರು ಒಡ್ಡಿನ ಕೋಡಿಯಿಂದ ಇಳಿದು ಹಳ್ಳ ಸೇರಬೇಕು. ಕೋಡಿಗೆ ಎದುರಾಗಿ ಈ ದಾರಿ ಎದ್ದಿದೆ, ಅಡಿಯಲ್ಲಿ ಒಂದು ಪೈಪ್ ಕೂಡ ಇಟ್ಟಿಲ್ಲ. ಮೇಲಿನ ಹೊಲದಲ್ಲಿ ನೀರು ನಿಂತು ಕಡಲೆ ಹಳದಿ ತಿರುಗಿತ್ತು. ಗಿಡ ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತಿದೆ. ಆ ಹೊಲದವರು ಫ್ಯಾನ್‌ಗೆ ಜಾಗ ಕೊಟ್ಟವರೇ ಅಲ್ಲ. ಅವರಿಗೆ ಒಂದು ರೂಪಾಯಿ ಪರಿಹಾರವೂ ಬಂದಿಲ್ಲ.

ಊರಲ್ಲಿ ಈಗ ಎರಡು ಗುಂಪು. ಫ್ಯಾನೇ ಬೇಡ ಅನ್ನೋರು, ಸಿಕ್ಕಷ್ಟು ತಗೊಂಡು ಸುಮ್ಮನಾಗೋಣ ಅನ್ನೋರು. ನನ್ನದು ಎರಡೂ ಅಲ್ಲ. ಯೋಜನೆ ಬರಲಿ, ಆದರೆ ಊರಿನ ಎದುರು ಕೂತು, ನಕಾಶೆ ಬಿಚ್ಚಿಟ್ಟು, ಎಲ್ಲರಿಗೂ ಒಂದೇ ದರ ಹೇಳಿ ಬರಲಿ. ಇದಕ್ಕೆ ಕಾನೂನಿನಲ್ಲಿ ದಾರಿ ಇದೆಯಾ? ತಿಳಿದವರು ಹೇಳಿ.

ವಿಜಯನಗರ ನಿವಾಸಿ

ಸರ್, ನಿಮ್ಮ ನೋವು ಅರ್ಥ ಆಗುತ್ತೆ. ಆದರೂ ಇನ್ನೊಂದು ಮುಖ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳನ್ನ ಬರಪೀಡಿತ ಅಂತ ಘೋಷಿಸಿದ್ದು ನೆನಪಿದೆಯಲ್ಲ? ಜಲಾಶಯಗಳಲ್ಲಿ ನೀರಿಲ್ಲ, ಅಕ್ಟೋಬರ್ ಹೊತ್ತಿಗೆ ಕರೆಂಟಿಗೆ ಹಾಹಾಕಾರ. ಪಂಪ್‌ಸೆಟ್‌ಗೆ ಕೊಡ್ತಿದ್ದ 7 ಗಂಟೆ ತ್ರೀ ಫೇಸನ್ನ 5 ಗಂಟೆಗೆ ಇಳಿಸಿದರು. ಮೊದಲು ಹೊಡೆತ ಬಿದ್ದಿದ್ದು ರೈತರಿಗೇ. ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವ್ಯಾಟ್ ದಾಟಿದೆ. ರಾಯಚೂರಿನಲ್ಲಿ ಕಲ್ಲಿದ್ದಲು ಸುಡುತ್ತಲೇ ಇರೋಣವಾ? ಅಲ್ಲಿ ಹಾರುಬೂದಿ ಉಸಿರಾಡೋರೂ ನಮ್ಮ ಕನ್ನಡಿಗರೇ ತಾನೇ? ಅಣು ವಿದ್ಯುತ್ ಅಂದರೆ ವಿರೋಧ, ಶರಾವತಿ ನೀರನ್ನ ಮೇಲೆತ್ತಿಟ್ಟು ಬೇಕಾದಾಗ ಕರೆಂಟ್ ಮಾಡೋ ಪಂಪ್ಡ್ ಸ್ಟೋರೇಜ್ ಅಂದರೆ ವಿರೋಧ, ಈಗ ಗಾಳಿಗೂ ವಿರೋಧ. ಎಲ್ಲಿಂದ ತರೋಣ ಹೇಳಿ.

ಎರೆಹೊಲದವನು

ಸರ್, ಇದನ್ನೇ ನಾನೂ ಊರಲ್ಲಿ ಹೇಳಿದ್ದು. ರಾಜಾಜಿನಗರದ ಮನೆಯಲ್ಲಿ ನಾನೂ ಫ್ರಿಡ್ಜು, ಗೀಸರ್ ಉಪಯೋಗಿಸ್ತೀನಿ. ಆದರೆ ನಮ್ಮ ಕಾಕಾ ಒಂದು ಮಾತು ಕೇಳಿದರು: "ಬೆಂಗಳೂರಾಗ ರಸ್ತೆ ಅಗಲ ಮಾಡೂ ಮುಂದ ನೋಟೀಸ್ ಕೊಡ್ತಾರ, ತಕರಾರು ಕೇಳ್ತಾರ. ನಮ್ಮ ಹೊಲದಾಗ ಕ್ರೇನ್ ತರೂ ಮುಂದ ಯಾಕ ಕೇಳಂಗಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಿವೃತ್ತ ಇಂಜಿನಿಯರ್, ಬಸವೇಶ್ವರನಗರ

ಪ್ರಸರಣ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸ್ವಲ್ಪ ಹಿನ್ನೆಲೆ ಹೇಳಿದರೆ ಚರ್ಚೆಗೆ ಅನುಕೂಲ.

ಮೊದಲೆಲ್ಲ ಗಾಳಿಯಂತ್ರ ಬರ್ತಿದ್ದುದು ಗುಡ್ಡಗಳ ಮೇಲೆ. ಚಿತ್ರದುರ್ಗದ ಗುಡ್ಡಸಾಲು, ಕಪ್ಪತಗುಡ್ಡ, ಇಂಥ ಕಡೆ. ಆಗಿನ ಕಂಬಗಳು ಗಿಡ್ಡ, ಯಂತ್ರಗಳೂ ಸಣ್ಣವು, ಎತ್ತರಕ್ಕೆ ಗುಡ್ಡವೇ ಆಸರೆ ಆಗಬೇಕಿತ್ತು. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತೆ, ಹಾಗಾಗಿ ಎತ್ತರಕ್ಕೆ ಅಷ್ಟು ಬೆಲೆ. ಈಗ 140 ಮೀಟರ್ ಕಂಬ, 150 ಮೀಟರ್ ವ್ಯಾಸದ ರೆಕ್ಕೆಚಕ್ರ, ಒಂದೊಂದೂ 3 ಮೆಗಾವ್ಯಾಟ್ ಆಸುಪಾಸು. ಬಯಲಲ್ಲಿ ನಿಂತರೂ ಗಾಳಿ ಸಿಗುತ್ತೆ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಲ್ಲಿ ಕರ್ನಾಟಕದ ಸಾಮರ್ಥ್ಯ 120 ಮೀಟರ್ ಎತ್ತರದಲ್ಲಿ ಸುಮಾರು 124 ಗಿಗಾವ್ಯಾಟ್, 150 ಮೀಟರ್‌ನಲ್ಲಿ ಸುಮಾರು 169. 2025ರ ಮಾರ್ಚ್ ಹೊತ್ತಿಗೆ ನಾವು ಹಾಕಿದ್ದು 7,000 ಮೆಗಾವ್ಯಾಟ್ ದಾಟಿತ್ತು ಅಷ್ಟೇ, ಅಂದರೆ 7 ಗಿಗಾವ್ಯಾಟ್‌ಗೆ ತುಸು ಮೇಲೆ. ಜೊತೆಗೆ ಗುಡ್ಡದಲ್ಲಿ ಹಾಕಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ, ದೆಹಲಿವರೆಗೂ ಕಡತ ಓಡಾಡಬೇಕು. ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿ ಧಾಮ. ಈ ಎರಡೂ ಕಾರಣಕ್ಕೆ ಯೋಜನೆಗಳು ಗುಡ್ಡ ಇಳಿದು ಹೊಲಕ್ಕೆ ಬಂದಿವೆ. ಎರೆಹೊಲದವರೇ, ನಿಮ್ಮೂರು ಮೊದಲನೆಯದೂ ಅಲ್ಲ, ಕೊನೆಯದೂ ಆಗಲ್ಲ.

ಕೇಂದ್ರದ 2016ರ ಮಾರ್ಗಸೂಚಿ ಓದಿಕೊಳ್ಳಿ. ಶಬ್ದದ ಕಾರಣಕ್ಕೆ ಯಾವ ವಾಸದ ಮನೆಯಿಂದಲೂ 500 ಮೀಟರ್ ಒಳಗೆ ಯಂತ್ರ ಇರಬಾರದು. ರಸ್ತೆ, ರೈಲು ಹಳಿ, ಕಟ್ಟಡ, ಹೈಟೆನ್ಷನ್ ಲೈನ್‌ಗಳಿಂದ ಇಡಬೇಕಾದ ಅಂತರ: ಕಂಬದ ಎತ್ತರ, ಅದಕ್ಕೆ ರೆಕ್ಕೆಚಕ್ರದ ವ್ಯಾಸದ ಅರ್ಧ ಕೂಡಿಸಿ, ಮೇಲೆ 5 ಮೀಟರ್. ನಾನು ಹೇಳಿದ ಅಳತೆಯ ಯಂತ್ರಕ್ಕೆ 140, 75, 5 ಕೂಡಿದರೆ 220 ಮೀಟರ್. ಸರ್ವೆ ನಕಾಶೆ ಇಟ್ಟುಕೊಂಡು ಅಳತೆ ಪಟ್ಟಿ ಹಿಡಿದು ಯಾರು ಬೇಕಾದರೂ ನೋಡಬಹುದಾದ ಲೆಕ್ಕ ಇದು.

ದುರ್ಗದ ಹುಡುಗ

ಇಂಜಿನಿಯರ್ ಸರ್, 500 ಮೀಟರ್ ಅಂತ ನೀವು ಹೇಳಿದ್ದು ಸರಿ. ಆದರೆ ಯಾವುದನ್ನ ಮನೆ ಅಂತ ಲೆಕ್ಕ ಹಿಡೀತಾರೆ? ನಮ್ಮ ಕಡೆ ಹೊಲದ ಮನೆ ಅಂತ ಇರುತ್ತೆ. ಎರಡು ಅಂಕಣ, ಮೇಲೆ ಶೀಟು, ಎದುರಿಗೆ ದನದ ಕೊಟ್ಟಿಗೆ. ವರ್ಷ ಪೂರ್ತಿ ಅಲ್ಲೇ ವಾಸ, ಆದರೆ ಪಂಚಾಯಿತಿಯಲ್ಲಿ ಖಾತೆ ಇಲ್ಲ, ಮನೆ ನಂಬರ್ ಇಲ್ಲ. ನಮ್ಮ ಅತ್ತೆ ಮನೆ ಅಂಥದ್ದೇ. ಕಂಪನಿಯವರ ನಕ್ಷೆಯಲ್ಲಿ ಆ ಜಾಗ ಬರೀ ಹೊಲ.

ಜೂನ್, ಜುಲೈ, ಆಗಸ್ಟ್‌ನಲ್ಲಿ ಗಾಳಿ ಜೋರು, ಆಗ ರಾತ್ರಿ ಇಡೀ ಸುಂಯ್ ಸುಂಯ್ ಅಂತ ಒಂದೇ ಸಮ ಬರುತ್ತೆ. ಹಗಲು ಗೊತ್ತಾಗಲ್ಲ. ಸುತ್ತ ಎಲ್ಲ ನಿಶ್ಶಬ್ದ ಆದಮೇಲೆ ಅದೇ ದೊಡ್ಡದಾಗುತ್ತೆ. ಅತ್ತೆಗೆ ಸಂಜೆಯ ನೆರಳೂ ತೊಂದರೆ, ಸೂರ್ಯ ಇಳಿಯೋ ಹೊತ್ತಿಗೆ ರೆಕ್ಕೆಯ ನೆರಳು ಅಡುಗೆಮನೆ ಗೋಡೆ ಮೇಲೆ ಹಾದು ಹಾದು ಹೋಗುತ್ತೆ, ತಲೆ ಸುತ್ತುತ್ತೆ ಅಂತಾರೆ.

ಒಳ್ಳೇದೂ ಹೇಳ್ತೀನಿ, ಸುಳ್ಳು ಯಾಕೆ. ಜಾಗ ಕೊಟ್ಟ ಮನೆಗಳಲ್ಲಿ ಸಾಲ ತೀರಿದೆ. ಆ ದಾರಿ ಆದಮೇಲೆ ಟ್ರ್ಯಾಕ್ಟರ್ ಹೊಲದವರೆಗೂ ಹೋಗುತ್ತೆ. ಕೆಲವು ಹುಡುಗರಿಗೆ ವಾಚ್‌ಮನ್ ಕೆಲಸ ಸಿಕ್ಕಿದೆ. ಐಟಿಐ ಮಾಡಿದವರಿಗೆ ಮಾತ್ರ ಒಳಗಿನ ಕೆಲಸ ಸಿಗಲಿಲ್ಲ, ಅದಕ್ಕೆ ಹೊರಗಿನಿಂದ ಕರೆಸಿದರು.

ಯಲಬುರ್ಗಾ ಅಕ್ಕ

ನಾ ಯಲಬುರ್ಗಾ ಕಡೆಯಾಕಿ, ಮದುವಿ ಆಗಿ ಬಂದು ಪೀಣ್ಯಾದಾಗ ಇರ್ತೀನಿ. ನನಗ ಫ್ಯಾನಿನ ಸುದ್ದಿ ಗೊತ್ತಾಗಿದ್ದು ತಮ್ಮನ ಫೋನಿನಿಂದ. "ಅಕ್ಕಾ, ಒಂದಿನ ಬಂದು ಸಹಿ ಮಾಡಿ ಹೋಗು" ಅಂದ. ಏನ್ ಸಹಿ ಅಂತ ಕೇಳಿದ್ರ ಹಕ್ಕು ಬಿಡುಗಡಿ ಪತ್ರ ಅಂತ. ಅಪ್ಪ ತೀರಿಕೊಂಡಾಗ ವಾರಸಾ ಮಾಡಿಸೂ ಮುಂದ ನನ್ನ, ನಮ್ಮ ತಂಗಿ ಹೆಸರು ಯಾರೂ ಬರಸಲಿಲ್ಲ. ಈಗ ಕಂಪನಿ ವಕೀಲರು ವಂಶಾವಳಿ ಕೇಳ್ಯಾರ, ಹೆಣ್ಮಕ್ಕಳ ಸಹಿ ಇಲ್ಲದ ಆಗಂಗಿಲ್ಲ ಅಂದಾರ. ಅದಕ್ಕ ನಾವು ನೆನಪಾಗೀವಿ.

ತಮ್ಮನ ಮ್ಯಾಲೆ ನನಗ ಸಿಟ್ಟಿಲ್ಲ. ಅವ ಬರಗಾಲದಾಗ ಒದ್ದಾಡಿದ್ದು ನೋಡೀನಿ. ಆದರ ಯಾವ ಸರ್ವೆ ನಂಬರು, ಎಷ್ಟು ಎಕರೆ, ಮಾರಾಟನೋ ಲೀಜೋ, ಎಷ್ಟು ವರ್ಷ, ಒಂದೂ ಗೊತ್ತಿಲ್ಲದ ಹೆಂಗ್ ಸಹಿ ಮಾಡ್ಲಿ? ಕಾಗದ ಮೊಬೈಲಿಗೆ ಕಳಸು ಅಂದ್ರ ಏಜೆಂಟ ಕೊಡಂಗಿಲ್ಲ ಅಂತಾನ. ಎಲ್ಲಾ ಇಂಗ್ಲಿಷಿನಾಗ ಐತಂತ.

ಮಲ್ಲೇಶ್ವರದ ವಕೀಲೆ

ಅಕ್ಕಾ, ಕಾಗದ ಕೈಗೆ ಬಂದು ಓದುವವರೆಗೆ ಸಹಿ ಮಾಡಲೇಬೇಡಿ. ಕನ್ನಡದ ಪ್ರತಿ ಬೇಕು ಅಂತ ಕೇಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಸಹಿ ಬೇಕೇ ಬೇಕು ಅಂತ ಕಂಪನಿಯವರೇ ಹೇಳ್ತಿರುವುದರಿಂದ ನಿಮ್ಮ ಮಾತಿಗೆ ಈಗ ಬಲ ಇದೆ. ಹಕ್ಕು ಬಿಡುವ ಬದಲು ನೀವು, ತಂಗಿ, ತಮ್ಮ ಮೂವರೂ ಜಂಟಿಯಾಗಿ ಲೀಸ್ ಕೊಟ್ಟು, ಬಾಡಿಗೆ ನೇರವಾಗಿ ಮೂವರ ಖಾತೆಗೂ ಬರುವಂತೆ ಬರೆಸಬಹುದು.

ಎರೆಹೊಲದವರ ಪ್ರಶ್ನೆಗೆ ಬರ್ತೀನಿ. ಬೇಸರದ ಸಂಗತಿ ಏನೆಂದರೆ, ನೀವು ಕೇಳುವ ಸಾರ್ವಜನಿಕ ಅಹವಾಲು ಸಭೆ ಗಾಳಿ ವಿದ್ಯುತ್ತಿಗೆ ಕಡ್ಡಾಯ ಅಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ಯೋಜನೆಗಳೇ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇವನ್ನ ಬಿಳಿ ವರ್ಗಕ್ಕೆ ಸೇರಿಸಿತು, ಅಂದರೆ ಮಾಲಿನ್ಯ ಇಲ್ಲದ ಉದ್ಯಮ. ಹೊಗೆ ಇಲ್ಲ ಅನ್ನುವುದು ನಿಜ. ಆದರೆ ಹೊಗೆ ಇಲ್ಲ ಅಂದಮಾತ್ರಕ್ಕೆ ಊರನ್ನೂ ಕೇಳಬೇಕಾಗಿಲ್ಲ ಅಂತ ಆಗಿಹೋಗಿದೆ. ಆ ಸಭೆಯಲ್ಲಿ ಆಗಬೇಕಿದ್ದ ಜಗಳ ಈಗ ಹೊಲದ ಬದುವಿನ ಮೇಲೆ ಆಗ್ತಿದೆ, ಕ್ರೇನ್ ನಿಲ್ಲಿಸಿ, ಪೊಲೀಸರನ್ನ ಕರೆಸಿ, ಎಫ್‌ಐಆರ್ ಹಾಕಿ. ಕಂಪನಿಗೂ ಇದರಿಂದ ನಷ್ಟವೇ.

ತಂತಿಯ ವಿಷಯ ಇನ್ನೂ ಕಷ್ಟ. ವಿದ್ಯುತ್ ಕಾಯ್ದೆ 2003ರ ಕಲಂ 164ರಲ್ಲಿ ಸರ್ಕಾರ ಅಧಿಕಾರ ಕೊಟ್ಟರೆ, ಲೈನ್ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಬರುತ್ತೆ. ನಿಮ್ಮ ಒಪ್ಪಿಗೆ ಇಲ್ಲದೆಯೂ ಗೋಪುರ ನೆಡಬಹುದು, ಜಮೀನು ನಿಮ್ಮ ಹೆಸರಲ್ಲೇ ಇರುತ್ತೆ, ನೀವು ಕೇಳಬಹುದಾದದ್ದು ಪರಿಹಾರ ಮಾತ್ರ. ದೊಡ್ಡ ಪ್ರಸರಣ ಮಾರ್ಗಗಳಿಗೆ ಕೇಂದ್ರ 2015ರಲ್ಲಿ ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ಶೇ 85, ತಂತಿ ಹಾದುಹೋಗುವ ಪಟ್ಟಿಗೆ ಗರಿಷ್ಠ ಶೇ 15 ಅಂದಿತ್ತು. 2024ರ ಮಾರ್ಗಸೂಚಿಯಲ್ಲಿ ಬುಡಕ್ಕೆ ಶೇ 200, ಪಟ್ಟಿಗೆ ಶೇ 30 ಅಂತ ಏರಿಸಿದ್ದಾರೆ. ಯೋಜನೆಯೊಳಗೆ ಫ್ಯಾನುಗಳಿಂದ ಎಳೆಯುವ 33 ಕೆವಿ ಲೈನುಗಳಿಗೆ ಇದು ತಾನಾಗಿ ಅನ್ವಯಿಸಲ್ಲ, ಆದರೆ ಮಾತುಕತೆಗೆ ಕೂತಾಗ ಈ ಅಂಕಿಗಳನ್ನ ಮುಂದಿಡಿ.

ಇನ್ನೊಂದು. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನ ಏಜೆಂಟರು ಮುಟ್ಟಿದ್ದಾರಾ ನೋಡಿ. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ವರ್ಗಾವಣೆ ಅಸಿಂಧು, 2023ರ ತಿದ್ದುಪಡಿ ನಂತರ ವಾಪಸ್ ಕೇಳಲು ಕಾಲಮಿತಿಯೂ ಇಲ್ಲ.

ಪಾವಗಡ ಕಡೆಯವ

ಸೋಲಾರ್ ನೋಡಿದವನಾಗಿ ಹೇಳ್ತೀನಿ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ರೈತರ ಜಮೀನು ಕೊಳ್ಳಲಿಲ್ಲ, ಲೀಸ್‌ಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ತಿರುಮಣಿ, ವಳ್ಳೂರು ಕಡೆ ಮಳೆ ನಂಬಿ ಶೇಂಗಾ ಹಾಕ್ತಿದ್ದವರಿಗೆ ಅದು ದೊಡ್ಡ ಆಸರೆ ಆಯ್ತು. ಎಲ್ಲರಿಗೂ ಒಂದೇ ದರ, ಎಲ್ಲರಿಗೂ ಗೊತ್ತಿರೋ ದರ. ಏಜೆಂಟನ ಆಟ ಅಲ್ಲಿ ನಡೆಯಲಿಲ್ಲ.

ಆದರೆ ಜಮೀನಿಲ್ಲದವರ ಗತಿ ಏನು ಅಂತ ಯಾರೂ ಕೇಳಲಿಲ್ಲ. ಕಳೆ ತೆಗೆಯೋರು, ಕೊಯ್ಲಿಗೆ ಬರೋರು, ಕುರಿ ಮೇಯಿಸೋರು, ಇವರ ಹೆಸರು ಯಾವ ಪಹಣಿಯಲ್ಲೂ ಇಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಎಷ್ಟೋ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದುಬಿಟ್ಟರು. ಫ್ಯಾನ್‌ನಲ್ಲಿ ಒಂದು ವಾಸಿ: ಕಂಬದ ಸುತ್ತಲಿನ ಜಾಗ, ದಾರಿ ಬಿಟ್ಟರೆ ಉಳಿದ ಹೊಲದಲ್ಲಿ ಬೇಸಾಯ ನಡೆಯುತ್ತೆ, ಕೂಲಿಯೂ ಉಳಿಯುತ್ತೆ. ಮಾರಬೇಡಿ, ಲೀಸ್ ಕೊಡಿ. ಇಷ್ಟೇ ನನ್ನ ಮಾತು.

ಹಕ್ಕಿನೋಟ

ಎರೆಹೊಲದವರೇ, ನಿಮ್ಮೂರು ಮಾಗಡಿ ಕೆರೆಗೆ ಎಷ್ಟು ಹತ್ತಿರ? ಶಿರಹಟ್ಟಿ ಕಡೆಯ ಮಾಗಡಿ, ನಮ್ಮ ರಾಮನಗರದ ಮಾಗಡಿ ಅಲ್ಲ. ಚಳಿಗಾಲದಲ್ಲಿ ಅಲ್ಲಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಹಗಲು ನೀರಲ್ಲಿ ಕಾಣುವ ಈ ಹಕ್ಕಿಗಳು ಹೊಟ್ಟೆ ತುಂಬಿಸಿಕೊಳ್ಳುವುದು ಸುತ್ತಲಿನ ಹೊಲಗಳಲ್ಲಿ, ಮಬ್ಬು ಹೊತ್ತಿನಲ್ಲಿ ಹಿಂಡು ಹಿಂಡಾಗಿ ಹಾರಿ ಹೋಗಿ ಬರ್ತವೆ. ಕೆರೆಗೆ ಬೇಲಿ ಹಾಕಿ ಕಾಪಾಡಿ, ಅವು ಹಾರುವ ದಾರಿಯಲ್ಲಿ ರೆಕ್ಕೆಯನ್ನೂ ತಂತಿಯನ್ನೂ ನಿಲ್ಲಿಸಿದರೆ ಏನು ಬಂತು?

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಹಾರಾಷ್ಟ್ರದ ಸಾತಾರಾ ಬಳಿ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಗಾಳಿಯಂತ್ರ ಇಲ್ಲದ ಕಡೆ ಬೇಟೆ ಹಕ್ಕಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಹೆಚ್ಚು ಇದ್ದವು. ಯಂತ್ರ ಇರುವ ಕಡೆ ಹಿಡಿದು ತಿನ್ನುವ ಹದ್ದು ಗಿಡುಗ ಕಡಿಮೆಯಾಗಿ ಅಲ್ಲಿನ ಓತಿಕ್ಯಾತಗಳು ಹೆಚ್ಚಿದ್ದವು, ಅವುಗಳ ನಡತೆಯೂ ಬದಲಾಗಿತ್ತು, ಮನುಷ್ಯ ಹತ್ತಿರ ಹೋದರೂ ಬೇಗ ಓಡ್ತಿರಲಿಲ್ಲ. ಒಂದು ಕೊಂಡಿ ಕಳಚಿದರೆ ಕೆಳಗಿನ ಸರಪಳಿಯೆಲ್ಲ ಅಲುಗುತ್ತೆ ಅನ್ನುವುದು ಅಲ್ಲಿ ಕಂಡಿತು.

ನಾನು ಗಾಳಿ ವಿದ್ಯುತ್ತಿಗೆ ವಿರೋಧಿ ಅಲ್ಲ. ಕಲ್ಲಿದ್ದಲಿನಿಂದ ಹಕ್ಕಿಗಳಿಗೆ ಆಗುವ ಹಾನಿ ಕಣ್ಣಿಗೆ ಕಾಣದಿದ್ದರೂ ದೊಡ್ಡದೇ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಳಿದು ನೋಡಿದಾಗ ಹಕ್ಕಿ ಸಾವು ಶೇ 70ರಷ್ಟು ಇಳಿಯಿತು ಅಂತ 2020ರಲ್ಲಿ ವರದಿ ಆಯ್ತು. ಸಣ್ಣ ಪ್ರಯೋಗ, ಆದರೂ ಇಲ್ಲಿ ಮಾಡಿ ನೋಡಬಹುದಲ್ಲ. ಎಲ್ಲಕ್ಕಿಂತ ಮೊದಲು ಯಂತ್ರ ಎಲ್ಲಿ ನಿಲ್ಲಬೇಕು ಅನ್ನುವ ತೀರ್ಮಾನಕ್ಕೆ ಮುಂಚೆ ಒಂದು ವರ್ಷ ಹಕ್ಕಿ ಗಣತಿ ಆಗಬೇಕು. ಕಾನೂನು ಕೇಳಲ್ಲ ಅಂತ ಯಾರೂ ಮಾಡ್ತಿಲ್ಲ.

ದುರ್ಗದ ಹುಡುಗ

ಇನ್ನೊಂದು ಕೇಳೋದಿತ್ತು. ಫ್ಯಾನ್ ಬಂದಮೇಲೆ ಮಳೆ ಕಡಿಮೆ ಆಯ್ತು, ಮೋಡ ಚದುರಿಸ್ತವೆ ಅಂತ ಊರಲ್ಲಿ ಗಟ್ಟಿಯಾಗಿ ನಂಬಿದ್ದಾರೆ. ನಿಜಾನಾ? ಯಾರಾದರೂ ಸರಿಯಾಗಿ ಹೇಳಿ, ನಾನು ಊರಲ್ಲಿ ಹೇಳಬೇಕು.

ನಿವೃತ್ತ ಇಂಜಿನಿಯರ್, ಬಸವೇಶ್ವರನಗರ

ಇಲ್ಲ ತಮ್ಮಾ. ನಿಮ್ಮ ಕಡೆಯೂ ಗದಗದ ಕಡೆಯೂ ಮೊದಲಿಂದ ಮಳೆ ನೆರಳಿನ ಸೀಮೆ. ಗದಗದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಪಶ್ಚಿಮ ಘಟ್ಟದಲ್ಲಿ ನೀರು ಸುರಿಸಿ ಬಂದ ಮುಂಗಾರು ಗಾಳಿ ಬಯಲಿಗೆ ಬರುವಾಗ ಒಣಗಿರುತ್ತೆ, ರಭಸ ಮಾತ್ರ ಉಳಿದಿರುತ್ತೆ. ಗಾಳಿ ಇದೆ, ಮಳೆ ಕಡಿಮೆ ಇದೆ ಅನ್ನುವ ಸೀಮೆಗೇ ಯಂತ್ರಗಳು ಬಂದಿವೆ. ಬರ ಬಂದ ವರ್ಷ ಜನರ ಕಣ್ಣಿಗೆ ಮೊದಲು ಬೀಳುವುದು ಅವೇ. ಯಂತ್ರದ ತುದಿ 215 ಮೀಟರ್ ಆದರೆ ಮಳೆ ತರುವ ವ್ಯವಸ್ಥೆ ಬಂಗಾಳಕೊಲ್ಲಿಯಿಂದ ಅರಬ್ಬಿ ಸಮುದ್ರದವರೆಗೆ ಹಬ್ಬಿರುವಂಥದ್ದು.

ನೆಲಕ್ಕೆ ಹತ್ತಿರದ ಗಾಳಿಯನ್ನ ಯಂತ್ರಗಳು ಕಲಕುವುದು ನಿಜ. ಅಮೆರಿಕದ ಟೆಕ್ಸಾಸ್‌ನಲ್ಲಿ ದೊಡ್ಡ ಗಾಳಿ ವಿದ್ಯುತ್ ಪ್ರದೇಶದ ನೆಲ ರಾತ್ರಿ ಹೊತ್ತು ಸ್ವಲ್ಪ ಬೆಚ್ಚಗಾಗಿದ್ದನ್ನ ಉಪಗ್ರಹದ ಮಾಹಿತಿಯಿಂದ 2012ರಲ್ಲಿ ತೋರಿಸಿದ್ದಾರೆ. ಊರಿನವರಿಗೆ ಹೇಳುವಾಗ ಅದನ್ನೂ ಹೇಳಿ. ಅವರ ಮಾತನ್ನ ತಳ್ಳಿಹಾಕಿದರೆ ನೀರು ನಿಲ್ಲುವ ದೂರು, ಶಬ್ದದ ದೂರು, ಎಲ್ಲವನ್ನೂ ಮೂಢನಂಬಿಕೆ ಲೆಕ್ಕಕ್ಕೆ ಸೇರಿಸಿಬಿಡ್ತಾರೆ. ಅಧಿಕಾರಿಗಳ ಸಭೆಗಳಲ್ಲಿ ಹಾಗೆ ಆಗಿದ್ದನ್ನ ನಾನೇ ನೋಡಿದ್ದೇನೆ.

ವಿಜಯನಗರದವರಿಗೂ ಒಂದು ಮಾತು. ಗಾಳಿ ವಿದ್ಯುತ್ ಹೆಚ್ಚು ಸಿಗುವುದು ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಬೇಡಿಕೆ ಏರುವುದು ಫೆಬ್ರುವರಿಯಿಂದ ಏಪ್ರಿಲ್. ಮಳೆಗಾಲದಲ್ಲಿ ಗಾಳಿಯನ್ನ ಬಳಸಿ ಜಲಾಶಯದ ನೀರು ಉಳಿಸಿಕೊಂಡರೆ ಆ ನೀರು ಬೇಸಿಗೆಗೆ ಆಗುತ್ತೆ. ಗಾಳಿಯ ನಿಜವಾದ ಉಪಕಾರ ಇದು. ಹೊಸದು ಬೇಕು, ಆದರೆ ಹಳೆಯದರ ಕಡೆಯೂ ನೋಡಬೇಕು. 2 ಮೆಗಾವ್ಯಾಟ್‌ಗಿಂತ ಸಣ್ಣ ಹಳೇ ಯಂತ್ರ ತೆಗೆದು ದೊಡ್ಡದು ಹಾಕಲು 2023ರಲ್ಲಿ ಕೇಂದ್ರ ನೀತಿಯೇ ಬಂದಿದೆ. ದಾರಿ ಇದೆ, ಸಬ್‌ಸ್ಟೇಷನ್ ಇದೆ, ಒಳ್ಳೇ ಗಾಳಿ ಇರುವ ಜಾಗಗಳೂ ಅವೇ. ಹೊಸ ಹೊಲ ಕೇಳುವ ಮುಂಚೆ ಅಲ್ಲಿ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಬೇಕಿತ್ತು.

ವೈಟ್‌ಫೀಲ್ಡ್ ಅಡ್ಮಿನ್

ಓದ್ತಾ ಕೂತು ಬರೆಯದೇ ಇರಕ್ಕಾಗ್ತಿಲ್ಲ. ನಾನು ಒಂದು ದೊಡ್ಡ ಕಚೇರಿ ಸಂಕೀರ್ಣದಲ್ಲಿ ವಿದ್ಯುತ್, ನೀರು ನೋಡ್ಕೊಳ್ಳೋ ವಿಭಾಗದಲ್ಲಿದ್ದೀನಿ. ನಮ್ಮಲ್ಲಿ ಬಳಸೋ ಕರೆಂಟಿನ ದೊಡ್ಡ ಪಾಲು ಓಪನ್ ಆಕ್ಸೆಸ್‌ನಲ್ಲಿ ನೇರ ಗಾಳಿ, ಸೋಲಾರ್ ಕಂಪನಿಗಳಿಂದ ಕೊಂಡಿದ್ದು. 2022ರ ಹಸಿರು ಓಪನ್ ಆಕ್ಸೆಸ್ ನಿಯಮ ಬಂದಮೇಲೆ 100 ಕಿಲೋವ್ಯಾಟ್ ಬೇಡಿಕೆ ಇರೋರೂ ಕೊಳ್ಳಬಹುದು, ಮೊದಲು ಅದು 1 ಮೆಗಾವ್ಯಾಟ್ ಇತ್ತು. ಬೆಂಗಳೂರಲ್ಲಿ ಇಂಥ ಗಿರಾಕಿಗಳು ಬೇಕಾದಷ್ಟಿದ್ದಾರೆ.

ಕರಾರಿನಲ್ಲಿ ನಾವು ಕೇಳೋದು ಯೂನಿಟ್ ದರ, ಎಷ್ಟು ವರ್ಷ, ಕಡಿಮೆ ಬಂದರೆ ದಂಡ ಎಷ್ಟು. ಜಮೀನು ಹೇಗೆ ಪಡೆದಿರಿ, ಊರಿನವರ ಒಪ್ಪಿಗೆ ಇದೆಯಾ, ಪರಿಹಾರ ಬಾಕಿ ಇದೆಯಾ ಅಂತ ಒಂದು ಸಾಲೂ ಇರಲ್ಲ. ಇದೇ ಕಂಪನಿಗಳು ಕಾಫಿಪುಡಿ ಸರಬರಾಜು ಮಾಡೋರ ಹತ್ತಿರ ಬಾಲಕಾರ್ಮಿಕರಿಲ್ಲ ಅಂತ ಪ್ರಮಾಣಪತ್ರ ತಗೋತವೆ. ಕರೆಂಟಿಗೆ ಮಾತ್ರ ಯಾಕಿಲ್ಲ? ಖರೀದಿದಾರ ಕೇಳಿದರೆ ಡೆವಲಪರ್ ಕೊಡಲೇಬೇಕು, ಅವನ ಬ್ಯಾಂಕ್ ಸಾಲವೇ ನಮ್ಮ ಕರಾರಿನ ಮೇಲೆ ನಿಂತಿರುತ್ತೆ. ಮುಂದಿನ ಟೆಂಡರ್ ಕರಡಿನಲ್ಲಿ ಇದನ್ನ ಸೇರಿಸಿ ಅಂತ ನಾನು ಬರೆದು ಮೇಲಕ್ಕೆ ಕಳಿಸ್ತೀನಿ. ಇಂಥ ಕೆಲಸದಲ್ಲಿರೋ ಬೇರೆಯವರೂ ಕಳಿಸಿ.

ವಿಜಯನಗರ ನಿವಾಸಿ

ಈ ಮಾತು ನನಗೆ ಹಿಡಿಸಿತು. ಆದರೂ ನನ್ನ ಆತಂಕ ಹೋಗಿಲ್ಲ. ಪ್ರತಿ ಊರಲ್ಲೂ ಸಭೆ, ಒಂದು ವರ್ಷ ಹಕ್ಕಿ ಗಣತಿ, ಎಲ್ಲರ ಒಪ್ಪಿಗೆ ಅಂತ ಹೋದರೆ ಯೋಜನೆ ವರ್ಷಗಟ್ಟಲೆ ನಿಲ್ಲುತ್ತೆ. ಅಷ್ಟರಲ್ಲಿ ಹೂಡಿಕೆ ಗುಜರಾತಿಗೋ ಆಂಧ್ರಕ್ಕೋ ಹೋಗುತ್ತೆ.

ಎರೆಹೊಲದವನು

ಸರ್, ಈಗಲೂ ನಿಂತೇ ಇದೆಯಲ್ಲ. ಪಕ್ಕದ ಊರಲ್ಲಿ ಅಡಿಪಾಯ ಹಾಕಿ ಕಬ್ಬಿಣ ಕಟ್ಟಿದ್ದಾರೆ, ಸರಳು ತುಕ್ಕು ಹಿಡೀತಾ ಇದೆ. ದಾರಿಗೆ ಜಾಗ ಕೊಡದ ಒಂದೇ ಒಂದು ಕುಟುಂಬ ತಡೆಯಾಜ್ಞೆ ತಂದಿದೆ. ಅವರು ಕೇಳಿದ್ದು ಒಡ್ಡಿನ ಕೋಡಿಗೆ ಪೈಪ್ ಇಡಿ ಅಂತ. ಶುರುವಿನಲ್ಲೇ ಆ ಪೈಪ್ ಇಟ್ಟಿದ್ದರೆ ಫ್ಯಾನ್ ಈಗ ತಿರುಗ್ತಾ ಇರ್ತಿತ್ತು.

ಎಲ್ಲರ ಸಲಹೆ ಕೂಡಿಸಿ ಊರಿನವರ ಜೊತೆ ಫೋನಲ್ಲಿ ಮಾತಾಡಿದೆ. ಗ್ರಾಮಸಭೆ ಕರೆಯಿರಿ ಅಂತ ಪಿಡಿಒಗೆ ಬರವಣಿಗೆಯಲ್ಲಿ ಅರ್ಜಿ ಕೊಡೋದು ಅಂತ ಆಯ್ತು. ಅದರಲ್ಲಿ ಕೇಳುವುದು: ಫ್ಯಾನ್, ದಾರಿ, ಲೈನ್ ಮೂರನ್ನೂ ಸರ್ವೆ ನಂಬರ್ ಸಮೇತ ತೋರಿಸುವ ನಕಾಶೆ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಹೊಲದ ಮನೆಗಳನ್ನೂ ಮನೆ ಅಂತಲೇ ಎಣಿಸಿ 500 ಮೀಟರ್ ಅಳೆಯಬೇಕು. ಮಾರಾಟ ಇಲ್ಲ, ನೋಂದಾಯಿತ ಲೀಸ್ ಮಾತ್ರ, ಎಲ್ಲರಿಗೂ ಒಂದೇ ದರ, ಕನ್ನಡದಲ್ಲಿ ಕರಾರು, ಹೆಣ್ಣುಮಕ್ಕಳ ಪಾಲು ಅವರವರ ಖಾತೆಗೆ. ದಾರಿಯಿಂದ ನೀರು ನಿಂತು ಬೆಳೆ ಹಾಳಾದರೆ ಜಾಗ ಕೊಡದವರಿಗೂ ಪರಿಹಾರ. ಕೊನೆಗೆ ಯಂತ್ರದ ಆಯುಷ್ಯ ಮುಗಿದಮೇಲೆ ಕಂಬ, ರೆಕ್ಕೆ, ನೆಲದೊಳಗಿನ ಕಾಂಕ್ರೀಟು ಯಾರು ತೆಗೀತಾರೆ, ಅದರ ಹಣ ಮೊದಲೇ ಎಲ್ಲಿಡ್ತಾರೆ ಅನ್ನೋದು. ಹಕ್ಕಿನೋಟ ಅವರೇ, ಮಾಗಡಿ ಕೆರೆ ನಮಗೆ ತೀರಾ ಹತ್ತಿರ ಅಲ್ಲ, ಆದರೆ ಚಳಿಗಾಲದಲ್ಲಿ ನಮ್ಮ ಶೇಂಗಾ ಹೊಲಕ್ಕೆ ಆ ಬಾತುಗಳು ಬರೋದನ್ನ ಎಲ್ಲರೂ ನೋಡಿದ್ದೀವಿ. ಅದನ್ನೂ ಸೇರಿಸಿದ್ದೀವಿ.

ಮಲ್ಲೇಶ್ವರದ ವಕೀಲೆ

ಒಳ್ಳೇ ಕೆಲಸ. ಅರ್ಜಿಗೆ ಪಂಚಾಯಿತಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪಂಚಾಯಿತಿ ಈಗಾಗಲೇ ನಿರಾಕ್ಷೇಪಣಾ ಪತ್ರ ಕೊಟ್ಟಿದೆಯಾ, ಕೊಟ್ಟಿದ್ದರೆ ಯಾವ ಸಭೆಯ ಠರಾವಿನ ಮೇಲೆ, ಅಂತ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಯೋಜನೆ ಹಂಚಿಕೆ ಆದೇಶದ ಪ್ರತಿಗೆ ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್‌ಗೆ ಬೇರೆ ಅರ್ಜಿ ಹಾಕಬೇಕು. ಅದರ ಕಚೇರಿ ಬೆಂಗಳೂರಿನಲ್ಲೇ ಇರುವುದರಿಂದ ಅದು ನಿಮ್ಮ ಪಾಲಿನ ಕೆಲಸ. ಛಾಪಾ ಕಾಗದದ ಮೇಲೆ ಬರೆದು ನೋಂದಣಿ ಮಾಡಿಸದ ಯಾವ ಅಗ್ರಿಮೆಂಟಿಗೂ ಯಾರೂ ಒಪ್ಪಬೇಡಿ, ಮುಂಗಡ ಹಣ ಮುಟ್ಟಬೇಡಿ.

ಯಲಬುರ್ಗಾ ಅಕ್ಕ

ತಮ್ಮಗ ಫೋನ್ ಮಾಡಿ ಜಂಟಿ ಲೀಜಿನ ಮಾತು ಹೇಳಿದೆ. ಮೊದಲು ಸಿಟ್ಟಾದ. ಆಮ್ಯಾಲೆ, ಬಾಡಗಿ ವರ್ಷಾ ಬರ್ತೈತಿ, ಹೊಲಾನೂ ಉಳಿತೈತಿ ಅಂದಮ್ಯಾಲೆ ಸುಮ್ಮಾದ. ಏಜೆಂಟನ ಕಡಿಂದ ಕಾಗದ ಇಸ್ಕೊಂಡು ಕಳಸ್ತೀನಿ ಅಂದಾನ.

ಎರೆಹೊಲದವನು

ಅಕ್ಕಾ, ಬಂದ ಕೂಡಲೇ ಕಂಪನಿ ಹೆಸರು, ಸರ್ವೆ ನಂಬರ್ ಮುಚ್ಚಿ ನನಗೊಂದು ಪ್ರತಿ ಕಳಿಸಿ. ನಮ್ಮೂರಿಗೆ ಹೇಳಿರೋ ದರದ ಜೊತೆ ಹೋಲಿಸಬೇಕು. ದುರ್ಗದ ತಮ್ಮಾ, ನಿಮ್ಮೂರಲ್ಲಿ ಸಾಲ ತೀರಿಸಿದ ಮನೆಯವರ ಕರಾರು ಹೇಗಿತ್ತು, ಮಾರಾಟವೋ ಲೀಸೋ, ವಿಚಾರಿಸಿ ಹೇಳ್ತೀಯಾ? ಕ್ರೆಡಲ್ ಅರ್ಜಿ ನಾನು ಈ ವಾರವೇ ಹಾಕ್ತೀನಿ.